ಕಾಗದದ ಮೇಲಿನ ಬಲಪಾದ

ಮಂಗಳವಾರ, ಬೆಳಿಗ್ಗೆ
ಅಂಗಡಿಯಿಂದ

ನನ್ನ ಸಿಡುಕಿಗೆ,

ಸೋದರತ್ತೆಯ ಪತ್ರ ಎಂದ ಕೂಡಲೇ ಹುಬ್ಬು ಗಂಟಿಕ್ಕಬೇಡ. ಓದಿ ಮುಗಿಸುವ ಹೊತ್ತಿಗೆ ಗಂಟಿಕ್ಕಲು ಬೇಕಾದಷ್ಟು ಸಿಗುತ್ತದೆ.

ಗುರುವಾರ ನಿನ್ನ ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರಂತೆ. ಬಲಗಾಲು ಮೊಣಕಾಲಿನ ಕೆಳಗಿನಿಂದ ಹೋಯಿತು. ಎಡಗಾಲು ಉಳಿಯಬೇಕಾದರೆ ಇನ್ನುಮೇಲೆ ಮಾತ್ರೆ ಒಂದು ದಿನವೂ ತಪ್ಪಬಾರದು ಎಂದಿದ್ದಾರೆ ಡಾಕ್ಟರು. ಅವನೋ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ನರ್ಸು ಕೊಟ್ಟ ಮಾತ್ರೆ ನಿನ್ನೆ ದಿಂಬಿನ ಕೆಳಗೆ ಸಿಕ್ಕಿತು. ಕೇಳಿದರೆ, "ಯಾರಿಗೋಸ್ಕರ ನುಂಗ್ಲಿ ಅಕ್ಕಾ, ಮಗಳೇ ಮಾತು ಬಿಟ್ಟಮೇಲೆ" ಅಂದ.

"ಬೇಕಂತಲೇ ಮಾತ್ರೆ ಬಿಟ್ಟು ಕಾಲು ಕಳ್ಕೊಂಡೋರ ಸೇವೆ ನನ್ನಿಂದಾಗಲ್ಲ" ಅಂತ ನೀನು ಫೋನಿನಲ್ಲಿ ಹೇಳಿದಾಗ ನಾನು ಹೂಂಗುಟ್ಟಿದೆ. ಹಾಗೆ ಹೂಂಗುಟ್ಟಬಾರದಿತ್ತು. ಅದಕ್ಕೇ ಈ ಪತ್ರ.

ಅವನು ಅಂಚೆ ಹಂಚುವಾಗ ಮೂರು ಗೇಟು ದಾಟಿದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ನಿಂತರೆ ಬಿಡುತ್ತಿತ್ತು. ನಾಚಿಕೆಗೆ, ವಿಳಾಸ ಹುಡುಕುವವನ ಹಾಗೆ ಕೈಯಲ್ಲಿನ ಕಾಗದಗಳನ್ನು ತಿರುವುತ್ತಾ ನಿಲ್ಲುತ್ತಿದ್ದ. "ಏನಪ್ಪಾ, ಊರವರ ಗುಟ್ಟೆಲ್ಲ ಓದೇ ಕೊಡ್ತೀಯಾ" ಅಂತ ಎದುರುಮನೆ ದರ್ಜಿ ಕಾಲೆಳೆಯುತ್ತಿದ್ದ. ಕಾಲುನೋವು ಅಂತ ನಿನ್ನ ಅಪ್ಪ ನನಗೆ ಬಂದು ಹೇಳಿದ. ಬೂಟು ಹೊಲಿಯುವವಳಿಗೆ ಕಾಲುನೋವು ಎಂದರೆ ಇನ್ನೇನು ಹೊಳೆದೀತು? ಹಿಮ್ಮಡಿ ಎತ್ತರಿಸಿದೆ, ಅಟ್ಟೆ ಬದಲಿಸಿದೆ. ಒಂದೇ ವರ್ಷದಲ್ಲಿ ಮೂರು ಜೊತೆ ಹೊಲಿದೆ. ನಾನು ಚರ್ಮ ತಿದ್ದುತ್ತಾ ಕೂತಿದ್ದೆ, ಅವನ ಕಾಲು ಒಳಗೇ ಒಣಗುತ್ತಿತ್ತು.

ಕೊನೆಗೆ ಡಾಕ್ಟರು ಪಾದದ ಮೇಲೆ ಬೆರಳಿಟ್ಟು ನೋಡಿದರು, ನಾಡಿ ಸಿಗಲಿಲ್ಲ. ಕಾಲಿನ ರಕ್ತನಾಳ ಕಟ್ಟಿಕೊಳ್ಳುತ್ತಿದೆ ಎಂದರು. ಅದರ ಜೊತೆಗೆ ಸಕ್ಕರೆ ಕಾಯಿಲೆ, ಮೈಯಲ್ಲಿ ಇನ್ಸುಲಿನ್ನಿಗೆ ಬರವಿಲ್ಲ, ಆದರೆ ಮೈ ಅದರ ಮಾತೇ ಕೇಳುತ್ತಿಲ್ಲ ಎಂದರು. ರಕ್ತ ಹೆಪ್ಪುಗಟ್ಟದಿರಲು ಒಂದು, ಕೊಬ್ಬಿಗೆ ಒಂದು, ಮೈಗೆ ಕಿವಿ ಬರಲು ಒಂದು, ಹೀಗೆ ಮಾತ್ರೆ ಬರೆದುಕೊಟ್ಟರು. ನಾಲ್ಕು ತಿಂಗಳಲ್ಲಿ ಅವನು ಏಳು ಗೇಟು ದಾಟುವಷ್ಟಾದ. "ಅಕ್ಕಾ, ಇವತ್ತು ಬೇಕರಿ ತನಕ ನಿಲ್ಲಲೇ ಇಲ್ಲ" ಅಂತ ಮಗುವಿನ ಹಾಗೆ ಹೇಳಿದ್ದ.

ಆಮೇಲೆ ಪಾದ ಊದಿತು. ಪ್ರತಿ ತಿಂಗಳೂ ಅವನ ಪಾದವನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದಿಡುವುದು ನನ್ನ ಅಭ್ಯಾಸ. ಮಾತ್ರೆ ಶುರುವಾದ ಮೇಲಿನ ಐದನೆಯ ಕಾಗದದಲ್ಲಿ ಗೆರೆ ಹೊರಗೆ ಸರಿದಿತ್ತು. ನಾನು ಆಗಷ್ಟೇ ಮುಗಿಸಿದ್ದ ಕಪ್ಪು ಬೂಟು ಹತ್ತಲಿಲ್ಲ. ಅಂಥ ಹೊಲಿಗೆ ನನ್ನ ಕೈಯಲ್ಲಿ ಮತ್ತೆ ಬಂದಿಲ್ಲ. ಅವನು ಮಾತ್ರೆಗಳನ್ನೆಲ್ಲ ಬಿಟ್ಟ. ಊತ ಇಳಿಯಿತು, ಬೂಟು ಹತ್ತಿತು. ಎರಡು ತಿಂಗಳ ಮೇಲೆ ಅದೇ ಬೂಟಿನೊಳಗೆ ಕಿರುಬೆರಳು ಉಜ್ಜಿ ಹುಣ್ಣಾಯಿತು. ರಕ್ತ ಹರಿಯದ ಕಡೆ ಹುಣ್ಣು ಮಾಯುವುದಿಲ್ಲ ಎನ್ನುವುದನ್ನು ನಾನು ಆಮೇಲೆ ಕಲಿತೆ. ಮೈಗೆ ಕಿವಿ ಬರಿಸುವ ಮಾತ್ರೆಯಿಂದ ಕೆಲವರಿಗೆ ಪಾದ ಊದುವುದುಂಟು, ಊತ ಬಂದಾಗಲೇ ಹೇಳಿದ್ದರೆ ಆ ಒಂದು ಮಾತ್ರೆ ಬದಲಿಸಿ ಉಳಿದದ್ದನ್ನು ಮುಂದುವರಿಸುತ್ತಿದ್ದೆ ಎಂದರು ಡಾಕ್ಟರು. ಅವನು ಮಾತ್ರೆ ಬಿಟ್ಟಾಗ ನಾನು ತಡೆಯಬೇಕಿತ್ತು. ತಡೆಯಲಿಲ್ಲ.

ಗುರುವಾರ ಹತ್ತು ಗಂಟೆಗೆ ನೀನೇ ಹೋಗಿ ಅವನನ್ನು ಕರೆದುಕೊಂಡು ಬಾ. ನನ್ನ ಕೈಯಿಂದ ಅವನಿಗೆ ಮಾತ್ರೆ ಕೊಡಿಸಬೇಡ. ನೀನು ಕೊಡು.

ಇಂತಿ ನಿನ್ನ,
ಬೂಟಿನತ್ತೆ

ಮರೆತದ್ದಲ್ಲ, ಬಚ್ಚಿಟ್ಟದ್ದು: ತಡೆಯಲಿಲ್ಲ ಎಂದು ಮೇಲೆ ಬರೆದದ್ದು ಅರ್ಧ ಮಾತು. ಹೋದ ವಾರ ನಿನ್ನ ಅಪ್ಪ ತನ್ನ ಅಂಚೆಚೀಲದಿಂದ ಆ ಐದನೆಯ ಕಾಗದ ತೆಗೆದು ನನ್ನ ಕೈಗಿಟ್ಟು, "ಇದನ್ನ ಸುಟ್ಟುಹಾಕು ಅಕ್ಕಾ, ಮಗಳ ಕಣ್ಣಿಗೆ ಬೀಳ್ಬಾರದು. ಅವಳಿಗೆ ನನ್ನ ಮೇಲೇ ಕೋಪ ಇರ್ಲಿ" ಅಂದ. ಡಾಕ್ಟರ ಮಾತು ಅರ್ಧಕ್ಕೇ ಬಿಟ್ಟವನು ನನ್ನ ಮಾತು ಮಾತ್ರ ಚಾಚೂತಪ್ಪದೆ ಕೇಳಿದ್ದಾನೆ. ನಾನು ಸುಡಲಿಲ್ಲ. ಇದರೊಳಗೇ ಮಡಚಿಟ್ಟಿದ್ದೇನೆ. ಪಾದದ ಗೆರೆಯ ಒಳಗಿರುವ ಕೈಬರಹ ನನ್ನದು: "ಮಾತ್ರೆ ಎಲ್ಲಾ ನಿಲ್ಸು. ಡಾಕ್ಟರಿಗೆ ಹೇಳ್ಬೇಡ. ಬೂಟು ಹತ್ತಿದ ಮೇಲೆ ನೋಡೋಣ."