ಮೂರು ಬಡಿತ

ಆಡ್ಲೆಮ್,
ಮೇ 14, ಗುರುವಾರ ಸಂಜೆ

ನನ್ನ ಮುದ್ದಿನ ಬ್ರಯನಿ,

ನಾವಿಬ್ಬರೂ ಕ್ಷೇಮ. ಎರಡು ಬಟ್ಟಲು ಬಿಟ್ಟರೆ ದೋಣಿಯೂ ಕ್ಷೇಮ. ಬಟ್ಟಲಿನ ಕಥೆಗೆ ಆಮೇಲೆ ಬರುತ್ತೇನೆ.

ಭಾನುವಾರ ನ್ಯಾಂಟ್‌ವಿಚ್‌ಗೆ ನಮ್ಮನ್ನು ನೋಡಲು ಬರುವಾಗ ದೋಣಿ ಕೊಳ್ಳುವವರನ್ನೂ ಕರೆತರುತ್ತೇನೆ ಎಂದು ಬರೆದಿದ್ದೀಯ. ಅದಕ್ಕೂ ಮೊದಲು, ಅಪ್ಪನ ಕೈಲಿ ಇನ್ನು ದೋಣಿ ನಡೆಸಲು ಆಗುತ್ತದೋ ಇಲ್ಲವೋ, ಇದ್ದದ್ದನ್ನು ಇದ್ದ ಹಾಗೆ ತಿಳಿಸು ಎಂದು ನನಗೆ ಅಪ್ಪಣೆ ಬೇರೆ. ನಿನ್ನ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ನಮಗೆ ಮನೆಯೂ ಆಗಿರುವ ಈ ದೋಣಿ ಹೋದರೆ ನಿಮ್ಮಪ್ಪನಿಗೆ ಉಳಿಯುವುದು ನಿನ್ನ ಮನೆಯ ಹತ್ತಿರ ನೀನು ನೋಡಿಟ್ಟಿರುವ ಆ ಎರಡನೇ ಮಹಡಿಯ ಕಿಟಕಿ, ಕಿಟಕಿಯಾಚೆ ಕಾರು ನಿಲ್ಲಿಸುವ ಜಾಗ. ಹಾಗಾಗಿ ಈ ಕಾಗದ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೋ.

ಮೊದಲು ಹೊಗಳಿಕೆ. ಈ ಬೆಳಿಗ್ಗೆ ಕಾಲುವೆಯ ಇಳಿಜಾರಿನ ಮೊದಲ ಲಾಕಿನೊಳಗೆ, ಎರಡು ಬಾಗಿಲುಗಳ ನಡುವಿನ ಆ ಇಕ್ಕಟ್ಟು ಕಲ್ಲುತೊಟ್ಟಿಯೊಳಗೆ, ನಿಮ್ಮಪ್ಪ ದೋಣಿ ಹೊಗಿಸಿದ್ದನ್ನು ನೀನು ನೋಡಬೇಕಿತ್ತು. ಗೋಡೆಗೂ ದೋಣಿಗೂ ನಡುವೆ ಅಂಗೈ ತೂರುವಷ್ಟೂ ಜಾಗವಿಲ್ಲ, ಹೊಲದ ಕಡೆಯಿಂದ ಅಡ್ಡಗಾಳಿ ಬೇರೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಳಗೆ ತಂದು ನಿಲ್ಲಿಸಿದ. ಬಾಡಿಗೆ ದೋಣಿಯ ಯಜಮಾನನೊಬ್ಬ ಬಾಯಿ ಬಿಟ್ಟುಕೊಂಡು ನೋಡಿ, ಅದು ಹೇಗೆ ಸಾಧ್ಯ ಎಂದು ಕೇಳಿದ. “ದಾರಿ ದೋಣಿಗೇ ಗೊತ್ತು ಸ್ವಾಮಿ, ನಾನು ಸುಮ್ನೆ ಜೊತೆಗೆ ಹೋಗ್ತೀನಿ ಅಷ್ಟೆ,” ಅಂದ ನಿಮ್ಮಪ್ಪ. ಜಂಭಕ್ಕೇನೂ ಕಡಿಮೆಯಿಲ್ಲ. ಆದರೆ ಆ ಜಂಭ ಅವನಿಗೆ ಒಪ್ಪುತ್ತದೆ.

ಈಗ ನೀನು ಕೇಳಿದ್ದು. ನಿಮ್ಮಪ್ಪನ ನೋಟದ ನಡುಭಾಗಕ್ಕೆ ಮಸಿ ಬಳಿದ ಹಾಗಾಗಿದೆ. ಅಂಚುಗಳು ಚೆನ್ನಾಗಿ ಕಾಣುತ್ತವೆ. ಓಡಾಡುತ್ತಾನೆ, ಚಹಾ ಬಗ್ಗಿಸುತ್ತಾನೆ, ದಡದ ಕೊಕ್ಕರೆಯನ್ನು ನನಗಿಂತ ಮೊದಲು ಕಾಣುತ್ತಾನೆ. ನೇರವಾಗಿ ನೋಡಿದ್ದು ಮಾತ್ರ ಮಾಯ, ನನ್ನ ಮುಖವೂ ಸೇರಿ. ಇದು ವಾಸಿಯಾಗುವ ಕಾಯಿಲೆಯಲ್ಲ ಎಂದು ಡಾಕ್ಟರು ಚಳಿಗಾಲದಲ್ಲೇ ಹೇಳಿದ್ದರು. ನಿನಗೆ ಹೇಳಲಿಲ್ಲ. ಹೇಳಿದ್ದರೆ ದೋಣಿ ಕೊಳ್ಳುವವರು ಆಗಲೇ ಬರುತ್ತಿದ್ದರು, ಅದಕ್ಕೇ ಹೇಳಲಿಲ್ಲ, ಕ್ಷಮೆಯನ್ನೂ ಕೇಳುವುದಿಲ್ಲ.

ಲಾಕಿನಲ್ಲಿ ಕೂಗಾಡುವುದು ನಮ್ಮ ದೋಣಿಯವರಲ್ಲಿ ಮರ್ಯಾದೆಯಲ್ಲ, ಎಲ್ಲ ಕೈಸನ್ನೆಯಲ್ಲೇ ನಡೆಯಬೇಕು. ಕೈಸನ್ನೆ ಅವನಿಗೆ ಕಾಣದಾದಾಗ ನಾನು ತೂಬು ತಿರುಗಿಸುವ ಕಬ್ಬಿಣದ ಹಿಡಿಕೆಯಿಂದ ಕಂಬಿಗೆ ಬಡಿಯತೊಡಗಿದೆ. ಒಂದು ಬಡಿದರೆ ಮುಂದೆ ಬಾ, ಎರಡಕ್ಕೆ ನಿಲ್ಲು, ಮೂರಕ್ಕೆ ಹಿಂದೆ ಸರಿ. ಆ ಸದ್ದು ಎಂಜಿನ್ನನ್ನೂ ಸೀಳಿಕೊಂಡು ಹೋಗುತ್ತದೆ. ಹೀಗೆ ಇಡೀ ವಸಂತ ಕಳೆದೆವು. ಯಾರಿಗೂ ಗುಮಾನಿ ಬರಲಿಲ್ಲ.

ಗೋಡೆಯ ಮೇಲಿನ ಬಿಳಿ ಗೆರೆ ನೆನಪಿದೆಯಲ್ಲ? ನೀರು ಇಳಿಯುವಾಗ ದೋಣಿಯ ಹಿಂಭಾಗ ಆ ಗೆರೆಯಿಂದ ಮುಂದಿರಬೇಕು, ಇಲ್ಲದಿದ್ದರೆ ಮೇಲಿನ ಬಾಗಿಲಿನ ಕಲ್ಲಿನ ಹೊಸ್ತಿಲ ಮೇಲೆ ಕೂತುಬಿಡುತ್ತದೆ ಎಂದು ನಿನಗೆ ಚಿಕ್ಕಂದಿನಲ್ಲಿ ಎಷ್ಟು ಸಲ ಗದರಿದ್ದೇವೆ! ಇವತ್ತು ಕೂತದ್ದು ನಾವೇ.

ಊರಿಗೆ ಇನ್ನು ನಾಲ್ಕೈದು ಲಾಕುಗಳಿದ್ದವು. ಮೇಲೆ ಬರಲು ಕಾಯುತ್ತಿದ್ದ ದೋಣಿಯ ಲೋರೇನ್ ಎಂಬಾಕೆ, ಪದ್ಧತಿಯಂತೆ, ತನ್ನ ಹಿಡಿಕೆ ಹಿಡಿದು ಸಹಾಯಕ್ಕೆ ಬಂದಳು. ಒಳ್ಳೆಯ ಹೆಂಗಸು. ಇಬ್ಬರೂ ಕೆಳಗಿನ ಬಾಗಿಲಿನ ಒಂದೊಂದು ಬದಿಯ ತೂಬು ತೆರೆದೆವು, ತೊಟ್ಟಿಯ ನೀರು ದೋಣಿಯ ಸಮೇತ ಇಳಿಯತೊಡಗಿತು. ಆಗ ಅವಳು ಹಿಡಿಕೆಗೆ ಮೆತ್ತಿದ್ದ ಮಣ್ಣು ಉದುರಿಸಲು ಕಂಬಿಗೆ ಟಣ್, ಟಣ್, ಟಣ್ ಎಂದು ಬಡಿದಳು. ನಿಮ್ಮಪ್ಪ ಮರುಮಾತಿಲ್ಲದೆ ದೋಣಿಯನ್ನು ಹಿಂದೆ ಸರಿಸಿದ.

ಹಿಂಭಾಗ ಹೊಸ್ತಿಲಿಗೆ ಸಿಕ್ಕಿತು, ಮೂತಿ ಕೆಳಗಿಳಿಯುತ್ತಲೇ ಹೋಯಿತು. ಒಳಗೆ ಬಟ್ಟಲು ಒಡೆದ ಸದ್ದು. ಮರ್ಯಾದೆ ಮರೆತು ಊರಿಗೆಲ್ಲ ಕೇಳುವಂತೆ “ತೂಬು ಮುಚ್ಚೇ!” ಎಂದು ಕಿರುಚಿದೆ. ಇಬ್ಬರೂ ಮುಚ್ಚಿದೆವು. ಮೇಲಿನ ಬಾಗಿಲಿಗೆ ಓಡಿ, ಅಲ್ಲಿನ ತೂಬನ್ನು ಸ್ವಲ್ಪ ಸ್ವಲ್ಪವಾಗಿ ತೆರೆದು ನೀರು ತುಂಬಿಸಿದೆ. ದೋಣಿ ಮತ್ತೆ ತೇಲುವವರೆಗೂ ನಿಮ್ಮಪ್ಪ ಸೂರಿನ ಅಂಚು ಹಿಡಿದು, ಚುಕ್ಕಾಣಿ ಬಿಡದೆ ನಿಂತಿದ್ದ. ಆ ಗುಂಡಿಗೆಗೆ ನಾನು ಕೈ ಮುಗಿಯುತ್ತೇನೆ.

ಲೋರೇನ್ ಪಾಪ, “ನಾನೇನು ತಪ್ಪು ಮಾಡ್ದೆ?” ಎಂದು ಅಳುವ ಹಾಗಾದಳು. ಏನೂ ಇಲ್ಲವೆಂದು ಅವಳಿಗೆ ಬಿಸ್ಕತ್ತು ಕೊಟ್ಟು ಕೂರಿಸಿದೆ. ನಿಮ್ಮಪ್ಪ ದಡ ಹತ್ತಿ ನನ್ನ ಹತ್ತಿರ ಬಂದ.

“ಮೂರು ಬಡಿದೋಳು ನೀನಲ್ಲ, ಅಲ್ವಾ?”

ಅಲ್ಲ ಅಂದೆ.

“ಹಂಗಾದ್ರೆ ನನ್ನ ಕಣ್ಣು ಈಗ ದಾರೀಲಿ ಹೋಗೋರ ಕೈಲೆಲ್ಲ ಇದೆ. ಹಿಡಿಕೆ ಕೊಡಿಲ್ಲಿ. ನೀನು ಹೋಗಿ ಚುಕ್ಕಾಣಿ ಹಿಡಿ.”

“ನಾನಾ? ಇಷ್ಟು ವರ್ಷ ಮುಟ್ಟೋಕೂ ಬಿಡ್ಲಿಲ್ವಲ್ಲ ಮಹಾರಾಯ!”

“ಕೇಳಿದ್ರೆ ಕೊಡ್ತಿದ್ದೆ.”

“ಮದುವೆಯಾದ ಮೊದಲ್ನೇ ಬೇಸಿಗೇಲೇ ಕೇಳಿದ್ದೆ.”

“ಆಗ ನನ್ನ ಕಿವಿ ಸ್ವಲ್ಪ ಮಂದ ಇತ್ತು,” ಅಂದ. ನಗಿಸಲೆಂದೇ ಅಂದದ್ದು, ಆದರೆ ಹಿಡಿಕೆ ತೆಗೆದುಕೊಂಡ ಕೈ ನನ್ನ ಕೈಯನ್ನು ಬಿಡಲಿಲ್ಲ. ಬ್ರಯನಿ, ಆಗ ನನಗೆ ಅಳು ಬಂತು.

ಮುಂದಿನ ಲಾಕಿನಲ್ಲಿ ದೋಣಿಯನ್ನು ಗೋಡೆಗೆ ಬಡಿಸಿದೆ. ಅದರ ಮುಂದಿನದರಲ್ಲೂ ಬಡಿಸಿದೆ. ನಿಮ್ಮಪ್ಪ ಮೋಡ ನೋಡುತ್ತಾ ನಿಂತಿದ್ದ. ಅವನ ಕೆಲಸವೋ, ಅಬ್ಬಾ! ಬಾಗಿಲು ತೆರೆಯುವ ತೊಲೆಗೆ ಬೆನ್ನು ಕೊಟ್ಟು, ನೀರಿನ ಸದ್ದು ಬದಲಾಗುವುದನ್ನು ಕೇಳಿಸಿಕೊಂಡು, ಎರಡೂ ಕಡೆಯ ನೀರು ಸಮವಾದ ಗಳಿಗೆಗೆ ಸರಿಯಾಗಿ ನೂಕುತ್ತಿದ್ದ. ನಾನು ಆ ತೊಲೆಗಳ ಜೊತೆ ಯಾವಾಗಲೂ ಕುಸ್ತಿ ಆಡುತ್ತಿದ್ದೆ. ಊರಿನ ಲಾಕಿಗೆ ಬರುವಷ್ಟರಲ್ಲಿ ನಾನು ಬಣ್ಣ ಕೆರೆಯದೆ ಒಳಗೆ ಹೋದೆ. ಬಿಳಿ ಗೆರೆ ಕಣ್ಣೆದುರಿಗೇ ಇತ್ತು. ಯಾರೂ ಏನೂ ಬಡಿಯಬೇಕಾಗಲಿಲ್ಲ.

ಹಾಗಾಗಿ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನಿಮ್ಮಪ್ಪನ ಕೈಲಿ ಇನ್ನು ದೋಣಿ ನಡೆಸಲು ಆಗುವುದಿಲ್ಲ. ನನ್ನ ಕೈಲಿ ಆಗುತ್ತದೆ. ಕೊಳ್ಳುವವರಿಗೆ ಬರಬೇಡಿ ಎಂದು ಹೇಳಿಬಿಡು. ನೀನು ಮಾತ್ರ ಬಾ. ಬರುವಾಗ ಎರಡು ಬಟ್ಟಲು ತಾ.

ಪ್ರೀತಿಯಿಂದ,
ನಿನ್ನ ಅಮ್ಮ ಹೆಸ್ಟರ್,
‘ಆಡಾ’ ದೋಣಿಯ ಚುಕ್ಕಾಣಿಯಿಂದ

ಮರೆಯುವ ಮುಂಚೆ, ಶುಕ್ರವಾರ ಬೆಳಿಗ್ಗೆ: ಲಕೋಟೆ ಅಂಟಿಸುವ ಮೊದಲು ಹೊರಗೆ ಬಂದರೆ, ನಿಮ್ಮಪ್ಪ ದಡದಲ್ಲಿ ಮಂಡಿಯೂರಿ, ತಲೆ ಓರೆ ಮಾಡಿಕೊಂಡು, ಕುಂಚ ಹಿಡಿದು ಕೂತಿದ್ದಾನೆ. ದೋಣಿಯ ಪಕ್ಕಕ್ಕೆ ಹಳದಿಯಲ್ಲಿ ಅವನ ಹೆಸರು, ‘ಸೈಲಸ್ ಪಿಂಡರ್’ ಎಂದಿದೆಯಲ್ಲ, ಅದರ ಮೇಲ್ಗಡೆ ಈಗ ನನ್ನ ಹೆಸರಿದೆ. ಒಂದೊಂದು ಅಕ್ಷರ ಒಂದೊಂದು ಗಾತ್ರ, ಸಾಲು ಏಣಿ ಹತ್ತಿದ ಹಾಗೆ ಮೇಲಕ್ಕೆ ಹೋಗಿದೆ. “ನೆಟ್ಟಗಿದೆಯಾ?” ಎಂದು ಕೇಳಿದ. ನೆಟ್ಟಗಿದೆ ಅಂದೆ. ಭಾನುವಾರ ನಿನ್ನನ್ನೂ ಕೇಳುತ್ತಾನೆ.