ಹತ್ತು ಡಿಟ್ಟೋ

೮ ಡಿಸೆಂಬರ್ ೧೯೫೮, ಸೋಮವಾರ

ಬೆಳಗಿನ ಏಳೂವರೆ ಕ್ಲಾಸು. ಹದಿನೈದರಲ್ಲಿ ಹದಿಮೂರು ಹಾಜರು. ಕೋಣೆಯ ಕೀಲಿ ಇವತ್ತೂ ಸಿಗಲಿಲ್ಲ. ಹೆಡ್‌ಮಾಸ್ತರ್ ನಾಡಕರ್ಣಿಯವರ ಕೃಪೆ! ಜಗಲಿಯ ಮೇಲೆಯೇ ಕೂರಿಸಿದೆ. ಚಳಿಗೆ ಹುಡುಗರ ಹಲ್ಲು ಕಟಕಟ. ಪಗಾರ ಕೇಳಿಲ್ಲ, ಬಡ್ತಿ ಕೇಳಿಲ್ಲ, ಒಂದು ಕೀಲಿ ಕೇಳಿದೆ. ಅದಕ್ಕೂ ‘ನೋಡುವಾ ಮಾಸ್ತರ್’.

ಸಿದ್ದಾಪುರದಿಂದ ವರ್ಷಕ್ಕೆ ನಾಲ್ಕೈದು ಹುಡುಗರು ಧಾರವಾಡದ ಕಾಲೇಜಿಗೆ ಹೋಗುತ್ತಾರೆ. ಇಂಗ್ಲಿಷ್ ಲೆಕ್ಚರು ತಲೆಗೆ ಹತ್ತುವುದಿಲ್ಲ. ದೀಪಾವಳಿಗೆಂದು ಬಂದವರು ವಾಪಸು ಹೋಗುವುದಿಲ್ಲ. ಅದಕ್ಕೇ ಈ ಕ್ಲಾಸು. ನೋಟ್ಸ್ ಬರೆದುಕೊಳ್ಳುವುದು, ಡಿಕ್ಷನರಿ ನೋಡುವುದು, ಅರ್ಜಿ ತುಂಬುವುದು. ಇಷ್ಟನ್ನೂ ಹೇಳಿಕೊಡದೆ ಹುಡುಗರನ್ನು ಬಸ್ಸು ಹತ್ತಿಸುವವರಿಗೆ ಏನು ಹೇಳಬೇಕು?

ಕಾಲೇಜಿನ ಪ್ರಾಸ್ಪೆಕ್ಟಸ್ ಕೊನೆಗೂ ಬಂತು. ಮೂರು ಪತ್ರ ಬರೆದ ಮೇಲೆ. ಒಂದೇ ಪ್ರತಿ. ಕೈಯಿಂದ ಕೈಗೆ ಹೋಯಿತು. ಎಲ್ಲರೂ ಹಾಸ್ಟೆಲಿನ ಚಿತ್ರ ನೋಡಿದರು. ಅಕ್ಷರ ಓದಿದವಳು ಒಬ್ಬಳು — ಶರಾವತಿ. ಹೇರೂರಿನ ರಘುಪತಿ ಹೆಗಡೆಯವರ ಮಗಳು. ಇಲ್ಲಿ ಅತ್ತೆಯ ಮನೆಯಲ್ಲಿದ್ದು ಓದುತ್ತಾಳೆ, ಭಾನುವಾರಕ್ಕೆ ಊರಿಗೆ ಹೋಗಿಬರುತ್ತಾಳೆ. ಈ ಕ್ಲಾಸಿಗೆ ಬರುವ ಒಬ್ಬಳೇ ಹುಡುಗಿ. ಡಾಕ್ಟರಾಗುವ ಆಸೆ.

“ಸರ್, ಸೈನ್ಸಿಗೆ ಸೇರ್ಲಿಕ್ಕೆ ಎಸ್.ಎಸ್.ಸಿ.ಲಿ ಆಲ್ಜೀಬ್ರಾ-ಜಾಮೆಟ್ರಿ ಇರ್ಬೇಕು ಅಂತ ಉಂಟು. ನಂದು ಹೈಜೀನು ಅಲ್ದಾ?”

ಓದಿದೆ. ಮತ್ತೊಮ್ಮೆ ಓದಿದೆ. ಅವಳು ಹೇಳಿದ್ದೇ ಸರಿ. ಆಲ್ಜೀಬ್ರಾ ಇಲ್ಲದವರಿಗೆ ಸೈನ್ಸಿನ ಬಾಗಿಲು ಬಂದ್. ಕ್ಲಾಸಿಗೆ ಮೊದಲನೆಯವಳು, ಡಾಕ್ಟರಾಗುವವಳು, ಮೂರು ವರ್ಷ ಆಲ್ಜೀಬ್ರಾ ಬಿಟ್ಟು ಹೈಜೀನು, ಅಂದರೆ ಆರೋಗ್ಯಶಾಸ್ತ್ರ, ಓದಿದ್ದಾಳೆ! ಯಾವ ಕತ್ತೆ ಇವಳಿಗೆ ಆ ವಿಷಯ ಕೊಟ್ಟದ್ದು? ಮಧ್ಯಾಹ್ನದವರೆಗೂ ಮೈ ಉರಿಯುತ್ತಲೇ ಇತ್ತು. ನಾಲ್ಕನೇ ಪೀರಿಯಡ್ಡಿನಲ್ಲಿ ಸುಮ್ಮನಿದ್ದ ಒಬ್ಬ ಹುಡುಗನಿಗೂ ಬೈದೆ.

೯ ಡಿಸೆಂಬರ್, ಮಂಗಳವಾರ

ಕಾರವಾರದ ವಿದ್ಯಾಧಿಕಾರಿಗಳಿಗೆ ಅರ್ಜಿ ಬರೆದೆ. ಎರಡು ಪುಟ. ‘ಒಂಬತ್ತನೇ ಇಯತ್ತೆಯಲ್ಲಿ ಐಚ್ಛಿಕ ವಿಷಯ ಬರೆದುಕೊಳ್ಳುವಾಗ ವಿದ್ಯಾರ್ಥಿನಿಯನ್ನು ವಿಚಾರಿಸದ ಶಿಕ್ಷಕನನ್ನು ಪತ್ತೆ ಹಚ್ಚಿ ಅವನ ವಾರ್ಷಿಕ ವೇತನ ಬಡ್ತಿಯನ್ನು ತಡೆಹಿಡಿಯತಕ್ಕದ್ದು.’ ಈ ಸಾಲಿನ ಕೆಳಗೆ ಕೆಂಪು ಗೆರೆ ಎಳೆದೆ.

ಊಟಕ್ಕೆ ಕೂತಾಗಲೂ ಬಾಯಿ ನಿಲ್ಲಲಿಲ್ಲ. ಸಾವಿತ್ರಿ ರೊಟ್ಟಿ ಹಾಕುತ್ತ ಕೇಳಿದಳು: “ಯಾರನ್ನ ಬೈಲಿಕ್ಕತ್ತೀರಿ?”

“ಯಾರಂತ ಇನ್ನೂ ಗೊತ್ತಿಲ್ಲ.”

“ಗೊತ್ತಿಲ್ಲದವರನ್ನೇ ಇಷ್ಟು ಬೈದ್ರ ಗೊತ್ತಾದ ಮ್ಯಾಲೆ ಬೈಲಿಕ್ಕೆ ಏನು ಉಳೀತದ? ಸ್ವಲ್ಪ ಇಟ್ಕೊಳ್ರಿ.”

ಬನವಾಸಿ ಕಡೆಯ ಹೆಣ್ಣನ್ನು ಕಟ್ಟಿಕೊಂಡವನು ನಾನು. ಮಾತಿಗೆ ಮಾತು ಎದುರಿಗೇ ಇಟ್ಟಿರುತ್ತಾಳೆ.

೧೦ ಡಿಸೆಂಬರ್, ಬುಧವಾರ. ಮಧ್ಯಾಹ್ನ

ಅರ್ಜಿ ಹೆಡ್‌ಮಾಸ್ತರರ ಮೂಲಕವೇ ಹೋಗಬೇಕು. ಒಯ್ದು ಮೇಜಿನ ಮೇಲೆ ಕುಟ್ಟಿದೆ. ನಾಡಕರ್ಣಿ ಓದಿದರು. ಕೆಂಪು ಗೆರೆಯ ಹತ್ತಿರ ನಿಂತರು. ನಶ್ಯದ ಡಬ್ಬಿ ತೆಗೆದರು. ಒಂದು ಚಿಟಿಕೆ ಏರಿಸಿದರು. ಎದ್ದು ಕಪಾಟಿನಿಂದ ಹಳೆಯ ರಜಿಸ್ಟರ್ ತೆಗೆದು ನನ್ನ ಮುಂದೆ ಬಿಚ್ಚಿಟ್ಟರು.

೧೯೫೬ರ ಜೂನ್. ಒಂಬತ್ತನೇ ಇಯತ್ತೆ. ಹನ್ನೊಂದು ಹುಡುಗಿಯರು. ಮೊದಲನೆಯ ಹೆಸರು ಗಂಗಾ. ಎದುರಿಗೆ ‘ಹೈಜೀನು’. ಕೆಳಗೆ ಹತ್ತು ಡಿಟ್ಟೋ. ಸಾಲಾಗಿ, ಸೊಟ್ಟಗಾಗದೆ. ಆರನೆಯ ಡಿಟ್ಟೋ ಶರಾವತಿಯ ಎದುರಿಗೆ. ಪುಟದ ಕೊನೆಗೆ ಕ್ಲಾಸ್ ಟೀಚರರ ಸಹಿ.

ನನ್ನ ಸಹಿ.

“ಕಳಿಸಲಾ ಮಾಸ್ತರ್, ಕಾರವಾರಕ್ಕೆ?” ಅಂದರು. ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಅರ್ಜಿ ವಾಪಸು ತಂದೆ. ನೆನಪಿದೆ, ಎಲ್ಲವೂ ನೆನಪಿದೆ. ಮೊದಲ ವಾರ. ಒಂದೇ ಪೀರಿಯಡ್ಡಿನಲ್ಲಿ ಹುಡುಗರಿಗೆ ಆಲ್ಜೀಬ್ರಾ, ಹುಡುಗಿಯರಿಗೆ ಹೈಜೀನು. ಅದು ರೂಢಿ. ಗಂಗಾಳನ್ನು ಕೇಳಿದೆ. ಅಕ್ಕನ ಹೈಜೀನು ಪುಸ್ತಕ ಮನೆಯಲ್ಲಿದೆ ಸರ್, ಅದೇ ಸಾಕು ಅಂದಳು. ಉಳಿದವರದೂ ಅದೇ ಇರುತ್ತದೆ ಎಂದುಕೊಂಡೆ. ಎರಡು ನಿಮಿಷದ ಕೆಲಸ. ಆಲ್ಜೀಬ್ರಾ ಕ್ಲಾಸಿನಲ್ಲಿ ಹನ್ನೊಂದು ತಲೆ ಕಡಿಮೆಯಾದದ್ದಕ್ಕೆ ಸಂತೋಷವೂ ಆಗಿತ್ತು. ಇದನ್ನೂ ಬರೆದೇಬಿಡಬೇಕು. ಸಂತೋಷವಾಗಿತ್ತು.

ಇಷ್ಟು ದಿನ ಊರನ್ನೆಲ್ಲ ಬೈದವನು. ನನ್ನದೇ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದದ್ದು ಕಾಣಲಿಲ್ಲ. ಥೂ.

೧೧ ಡಿಸೆಂಬರ್, ಗುರುವಾರ

ಬೋರ್ಡಿನ ನಿಯಮ ಹುಡುಕಿದೆ. ದಾರಿ ಇದೆ! ಡಿಸೆಂಬರ್ ೩೧ರ ಒಳಗೆ ವಿಷಯ ಬದಲಿಸಬಹುದು. ಪಾಲಕರ ಸಹಿ, ಹೆಡ್‌ಮಾಸ್ತರರ ಶಿಫಾರಸು. ಫಾರ್ಮಿನ ಮೇಲೆ ಇನ್ನೂ ಮುಂಬೈ ಸರಕಾರದ ಅಚ್ಚು, ಅದರ ಮೇಲೆ ಮೈಸೂರಿನ ರಬ್ಬರ್ ಠಸ್ಸೆ. ಇರಲಿ.

ಪರೀಕ್ಷೆ ಮಾರ್ಚಿನಲ್ಲಿ. ಕೈಯಲ್ಲಿರುವುದು ಹನ್ನೆರಡು ವಾರ. ಮೂರು ವರ್ಷದ ಆಲ್ಜೀಬ್ರಾ-ಜಾಮೆಟ್ರಿ. ಒಂದು ವಿಷಯದಲ್ಲಿ ಫೇಲಾದರೆ ಇಡೀ ಎಸ್.ಎಸ್.ಸಿ. ಫೇಲು. ಹೈಜೀನಿನಲ್ಲಾದರೆ ಅವಳಿಗೆ ಎಂಬತ್ತೆರಡು ಬರುತ್ತದೆ, ಕಣ್ಣು ಮುಚ್ಚಿ ಬರೆದರೂ.

ಆಗುತ್ತದೆ. ದಿನಕ್ಕೆ ಎರಡು ತಾಸು ಹೇಳಿಕೊಟ್ಟರೆ ಆಗುತ್ತದೆ. ನಾನು ಮಾಡಿದ್ದನ್ನು ನಾನೇ ಸರಿಮಾಡುತ್ತೇನೆ. ಸಂಜೆ ಕೂತು ಹನ್ನೆರಡು ವಾರದ ಪಾಠದ ಪಟ್ಟಿ ಹಾಕಿದೆ.

ಡಿಟ್ಟೋ ಹಾಕಿದ್ದು ಯಾರೆಂದು ಅವಳಿಗೆ ಹೇಳಿಲ್ಲ. ಆಮೇಲೆ ಹೇಳಿದರಾಯಿತು. ಪಾಸಾದ ಮೇಲೆ.

೧೪ ಡಿಸೆಂಬರ್, ಭಾನುವಾರ

ಹೇರೂರಿಗೆ ಹೋಗಿ ಬಂದೆ. ಶಿರಸಿ ಬಸ್ಸು, ಇಳಿದು ನಡಿಗೆ. ರಘುಪತಿ ಹೆಗಡೆಯವರು ಚಾವಡಿಯಲ್ಲಿ ಕೂರಿಸಿದರು. ಚಾ ಬಂತು, ಅವಲಕ್ಕಿ ಬಂತು. ಪ್ರಾಸ್ಪೆಕ್ಟಸ್ ಬಿಚ್ಚಿ ಒಂದೊಂದೇ ಸಾಲು ಬಿಡಿಸಿ ಹೇಳಿದೆ. ಕೇಳಿದರು, ತಲೆ ಕೆರೆದುಕೊಂಡರು.

“ಕೂಸು ಓದ್ತೆ ಹೇಳ್ತು. ಓದ್ಲಿ. ಎಂತ ಓದವು ಹೇಳಿ ಯಂಗೆ ಗೊತ್ತಿಲ್ಲೆ ಮಾಸ್ತರೇ, ನೀವೇ ಹೇಳವು. ಫೇಲಾಗ್ತಿಲ್ಲೆ ಅಲ್ದಾ?”

“ಆಗೂದಿಲ್ಲ. ನಾ ಇದ್ದೀನಿ.”

“ಒಂದ್ಸಲ ಪರೀಕ್ಷೆ. ಆದ್ರೆ ಆತು, ಇಲ್ದಿದ್ರೆ ಇಲ್ಲೆ. ಮತ್ತೆ ಮತ್ತೆ ಕೂರ್ಸದು ನಮ್ಮ ಮನೇಲಿ ಆಪ್ದಲ್ಲ.”

ಸಹಿ ಹಾಕಿದರು. ದೊಡ್ಡ ಕೆಲಸ ಆಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಜೀವ ಹಗುರಾಗಿತ್ತು. ಮನೆಗೆ ಬಂದು ಎಲ್ಲ ಹೇಳಿದೆ. ಸಾವಿತ್ರಿ ಅಕ್ಕಿ ಆರಿಸುತ್ತಿದ್ದಳು.

“ಹುಡುಗಿ ಏನಂದ್ಲು?”

“ಆಕಿನ್ನ ಕೇಳೂದೇನದ? ಡಾಕ್ಟರ್ ಆಗಬೇಕಂತ ಆಕಿನೇ ಅಂದಾಳಲ್ಲ.”

ಸಾವಿತ್ರಿ ಅಕ್ಕಿಯಿಂದ ಒಂದು ಕಲ್ಲು ತೆಗೆದು ಹೊರಗೆಸೆದಳು.

೧೫ ಡಿಸೆಂಬರ್, ಸೋಮವಾರ

ಫಾರ್ಮು ತುಂಬಿ ನಾಡಕರ್ಣಿಯವರಿಗೆ ಕೊಟ್ಟೆ. ‘ನೋಡುವಾ.’ ಶರಾವತಿ ಬೆಳಗಿನ ಕ್ಲಾಸಿಗೆ ಬಂದಿಲ್ಲ. ಹೇರೂರಿನ ಬಸ್ಸು ತಪ್ಪಿರಬೇಕು.

೧೬ ಡಿಸೆಂಬರ್

ಬಂದಿಲ್ಲ. ಹಗಲಿನ ಶಾಲೆಗೆ ಬಂದಳಂತೆ, ಇಂಗ್ಲಿಷಿಗೆ, ಇತಿಹಾಸಕ್ಕೆ. ನನ್ನ ಬೆಳಗಿನ ಕ್ಲಾಸಿಗೆ ಮಾತ್ರ ಇಲ್ಲ.

೧೯ ಡಿಸೆಂಬರ್, ಶುಕ್ರವಾರ

ಐದು ದಿನ. ಹನ್ನೆರಡು ವಾರದಲ್ಲಿ ಒಂದು ವಾರ ಮಣ್ಣುಪಾಲು. ಇವಳಿಗೋಸ್ಕರ ಬಸ್ಸು ಹತ್ತಿದೆ, ಬಿಸಿಲಲ್ಲಿ ನಡೆದೆ, ಅವರಪ್ಪನ ಮುಂದೆ ಕೈಕಟ್ಟಿ ಕೂತೆ. ಜಗಲಿಯಲ್ಲಿ ಎದುರಾದರೆ ತಲೆ ತಗ್ಗಿಸಿ ಆಚೆ ಹೋಗುತ್ತಾಳೆ! ಉಪಕಾರ ಬೇಡವಾದರೆ ಬಾಯಿಬಿಟ್ಟು ಹೇಳಲಿ. ಈ ಕಾಲದ ಮಕ್ಕಳಿಗೆ ಕೃತಜ್ಞತೆ ಎಂಬುದೇ ಇಲ್ಲ.

೨೦ ಡಿಸೆಂಬರ್, ಶನಿವಾರ

ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಅವಳೇ ಬಂದಳು. ಬಾಗಿಲಲ್ಲೇ ನಿಂತಳು. ನಾನು ಕಾದಿದ್ದೆ. ಬೈಯಲು ಬಾಯಿ ತೆರೆದೆ. ಅವಳು ಬಿಡಲಿಲ್ಲ.

“ಸರ್, ಭಾನುವಾರ ನಿಮ್ಗೆ ಚಾ ತಂದು ಕೊಟ್ಟವ್ಳು ನಾನು.”

ನೆನಪಾಗಲಿಲ್ಲ. ಲೋಟ ನೆನಪಿದೆ. ಕೈ ನೆನಪಿಲ್ಲ.

“ಅವಲಕ್ಕಿನೂ ನಾನೇ ತಂದೆ. ಎರಡು ಸಲ ಬಂದೆ. ಈಗ ಕೇಳ್ತ್ರು, ಈಗ ಕೇಳ್ತ್ರು ಹೇಳಿ ಬಾಗ್ಲ ಹಿಂದೆ ನಿಂತಿದ್ದೆ. ನೀವು ಅಪ್ಪಯ್ಯನ್ನ ಕೇಳಿದ್ರಿ, ಸಹಿ ಮಾಡ್ಸ್ಕಂಡು ಹೋದ್ರಿ.”

“ನಿನಗ ಸೈನ್ಸ್ ಬೇಕಿತ್ತಲ್ಲ?”

“ಬೇಕು. ಆದ್ರೆ ಫೇಲಾದ್ರೆ ನಂಗೆ ಮತ್ತೆ ಪರೀಕ್ಷೆ ಇಲ್ಲೆ ಸರ್. ಅಪ್ಪಯ್ಯ ಹೇಳಿದ್ದು ನೀವೂ ಕೇಳಿದ್ರಿ. ಹೈಜೀನು ಇದ್ರೆ ಪಾಸಾಗಿ ಆರ್ಟ್ಸಿಗಾದ್ರೂ ಹೋಗ್ತೆ. ಅದ್ನ ಬಿಡವಾ, ಬೇಡವಾ ಹೇಳಿ ವಾರದಿಂದ ನಿದ್ದೆ ಇಲ್ಲೆ ನಂಗೆ. ನಾನು ಯೋಚನೆ ಮಾಡ್ತಾ ಇದ್ದೆ. ನೀವು ಮುಗ್ಸೇಬಿಟ್ರಿ.”

ಅವಳ ಧ್ವನಿ ನಡುಗಿತು. ಹೆದರಿಕೆಯಲ್ಲ, ಕೋಪ. ನನ್ನ ಇಪ್ಪತ್ತು ವರ್ಷದ ಮಾಸ್ತರಿಕೆಯಲ್ಲಿ ಹುಡುಗಿಯೊಬ್ಬಳು ನನ್ನ ಮೇಲೆ ಕೋಪ ಮಾಡಿದ್ದು ಇದೇ ಮೊದಲು. ಮಾಡಿರಬಹುದು, ನಾನು ನೋಡಿರಲಿಕ್ಕಿಲ್ಲ.

ಹೇಳಿಬಿಟ್ಟೆ. “ಶರಾವತಿ, ಒಂಬತ್ತನೇ ಇಯತ್ತೆದಾಗ ನಿನಗ ಹೈಜೀನು ಬರದಾಂವನೂ ನಾನೇ.”

“ಗೊತ್ತಿದ್ದು ಸರ್. ನೀವು ಗಂಗಾನ್ನ ಕೇಳಿದ್ರಿ. ನನ್ನ ಸರದಿ ಬರ್ತು ಹೇಳಿ ನಾನು ಎದ್ದು ನಿಂತಿದ್ದೆ. ನೀವು ಪುಸ್ತಕ ಮುಚ್ಚಿದ್ರಿ. ಕೂತ್ಕಂಡೆ.”

ಹೋದಳು. ನಾಚಿಕೆಯಾಯಿತು. ಇದಕ್ಕಿಂತ ದೊಡ್ಡ ಮಾತು ಹುಡುಕುವುದು ಬೇಡ. ಬಹಳ ನಾಚಿಕೆಯಾಯಿತು.

೨೨ ಡಿಸೆಂಬರ್, ಸೋಮವಾರ. ೭-೪೦, ಜಗಲಿಯಲ್ಲಿ ನಿಂತು ಬರೆದದ್ದು

ನಾನು ಕೊಟ್ಟ ಫಾರ್ಮು ನಾಡಕರ್ಣಿಯವರ ಮೇಜಿನ ಮೇಲೆಯೇ ಇತ್ತು, ನಶ್ಯದ ಡಬ್ಬಿಯ ಅಡಿಯಲ್ಲಿ. ಒಂದು ವಾರದಿಂದ ಮಿಸುಕಿಲ್ಲ. ಜನ್ಮದಲ್ಲಿ ಮೊದಲ ಬಾರಿ ಅವರ ಸೋಮಾರಿತನಕ್ಕೆ ಕೈಮುಗಿದೆ. ಹರಿದು ಹಾಕಿದೆ. ಹೊಸ ಫಾರ್ಮು ಕೇಳಿದೆ, ಕೊಟ್ಟರು. ಕೋಣೆಯ ಕೀಲಿಯನ್ನೂ ಕೊಟ್ಟರು, ಕೇಳದೆಯೇ.

ಶರಾವತಿ ಇವತ್ತು ಕ್ಲಾಸಿಗೆ ಬಂದಿದ್ದಳು. ಖಾಲಿ ಫಾರ್ಮು ಅವಳ ಮುಂದಿಟ್ಟೆ. ಅಪಾಯ ಎಷ್ಟಿದೆ, ಲಾಭ ಎಷ್ಟಿದೆ, ಎರಡನ್ನೂ ಹೇಳಿದೆ. ನನ್ನ ಅಭಿಪ್ರಾಯ ಹೇಳಲು ಹೊರಟೆ.

“ನೀವು ಸ್ವಲ್ಪ ಹೊರಗೆ ನಿಂತ್ಕಳ್ತ್ರಾ ಸರ್?”

ಹೊರಗೆ ಬಂದು ನಿಂತೆ. ಜಗಲಿಯಲ್ಲಿದ್ದ ಹುಡುಗರು ನೋಡಿ ಕಿಸಕ್ಕೆಂದರು. ಮಾಸ್ತರನ್ನೇ ಕ್ಲಾಸಿನ ಹೊರಗೆ ನಿಲ್ಲಿಸಿದ್ದಾಳೆ. ನಗಲಿ.

ಹತ್ತು ನಿಮಿಷವಾಯಿತು. ಬರೆಯುವ ಸದ್ದಿಲ್ಲ. ಹೈಜೀನೇ ಇರಲಿ ಎಂದರೆ? ಇರಲಿ ಅನ್ನಬೇಕು. ಅನ್ನಲು ನಾಲಗೆ ಏಳುತ್ತದೆಯೇ? ಒಳಗೆ ಹೋಗಿ ಕೈ ಹಿಡಿದು ಬರೆಸೋಣ ಎನ್ನಿಸುತ್ತಿದೆ. ಎಂಥ ದರಿದ್ರ ಬುದ್ಧಿ ನನ್ನದು.

ಸಂಜೆ

ಆಲ್ಜೀಬ್ರಾ-ಜಾಮೆಟ್ರಿ. ಅವಳದೇ ಅಕ್ಷರ. ಹೇರೂರಿಗೂ ಅವಳೇ ಒಯ್ದು ಅಪ್ಪನ ಸಹಿ ತರುತ್ತಾಳಂತೆ. ನಾನು ಬರುತ್ತೇನೆಂದೆ. ಬೇಡವೆಂದಳು.

“ಹೆಗಡೇರು ನನ್ನ ಕೇಳಿದ್ರ? ಫೇಲಾಗೂದಿಲ್ಲಂತ ನಾ ಮಾತು ಕೊಟ್ಟೀನಿ.”

“ಆ ಮಾತು ನಿಮ್ದಲ್ಲ ಸರ್. ಫೇಲಾದ್ರೆ ನನ್ನ ಫೇಲು. ಅದನ್ನೂ ನೀವು ತಗಳ್ಬೇಡಿ.”

ಕೆನ್ನೆಗೆ ಹೊಡೆದ ಹಾಗಾಯಿತು. ಹೊಡೆದದ್ದು ಸರಿಯಾಗಿಯೇ ಹೊಡೆದಳು.

೨೬ ಡಿಸೆಂಬರ್, ಶುಕ್ರವಾರ. ೭-೩೫

ಬುಧವಾರವೇ ಅಪ್ಪನ ಸಹಿ ತಂದಳು. ನಾಡಕರ್ಣಿ ಶಿಫಾರಸು ಬರೆದರು, ಫಾರ್ಮು ಹೋಯಿತು. ಇನ್ನು ಹಿಂದೆ ಬರುವ ದಾರಿಯಿಲ್ಲ. ರಜೆ ಇದ್ದರೂ ಪಾಠಕ್ಕೆ ಬಂದಿದ್ದಾಳೆ.

೮-೧೫. ಮೊದಲು ಐದು ಲೆಕ್ಕ ಕೊಟ್ಟೆ. ತೀರ ಸುಲಭದವು. ಮೊದಲ ನಾಲ್ಕೂ ತಪ್ಪು. ಹತ್ತು ವಾರ ಉಳಿದಿದೆ, ಮೈನಸ್ಸನ್ನು ಆಚೆ ದಾಟಿಸಿದರೆ ಪ್ಲಸ್ ಆಗುತ್ತದೆಂಬುದೂ ಗೊತ್ತಿಲ್ಲ. ಹೇಗೆ ಗೊತ್ತಾಗಬೇಕು? ನಾನೇ ಕಲಿಸಲಿಲ್ಲವಲ್ಲ.

೮-೩೦. ಐದನೆಯದು ಬೋರ್ಡಿನ ಮೇಲಿದೆ. ಎರಡು ಸಲ ಬರೆದು ಎರಡು ಸಲ ಒರೆಸಿದಳು. ಲಂಗದ ಅಂಚೆಲ್ಲ ಚಾಕಿನ ಪುಡಿ. ಎಲ್ಲಿ ತಪ್ಪುತ್ತಿದ್ದಾಳೆ ಎಂದು ಇಲ್ಲಿ ಕೂತವನಿಗೆ ಸ್ಪಷ್ಟ ಕಾಣುತ್ತಿದೆ, ಮೂರನೇ ಸಾಲು. ಎದ್ದೆ.

“ಹೇಳ್ಬೇಡಿ ಸರ್.”

ಕೂತೆ. ಸಿಟ್ಟು ಬರುತ್ತಿದೆ, ಅವಳ ಮೇಲಲ್ಲ. ಉತ್ತರ ನಾಲಗೆಯ ತುದಿಯಲ್ಲಿದೆ. ಹೇಳುವುದಿಲ್ಲ. ಪೆನ್ನು ಕೈಯಲ್ಲಿದ್ದರೆ ಬಾಯಿ ಸುಮ್ಮನಿರುತ್ತದೆಂದು ಇದನ್ನು ಬರೆಯುತ್ತಿದ್ದೇನೆ. ಮೂರನೇ ಸಾಲಿನ ಹತ್ತಿರ ಬಂದಳು. ನಿಂತಳು. ಮೈನಸ್ಸಿನ ಮೇಲೆ ಬೆರಳಿಟ್ಟಳು. ಈಗ ಚಾಕ್ ಎತ್ತಿ ಅದನ್ನು ಪ್ಲಸ್ ಮಾಡುತ್ತಿದ್ದಾಳೆ.