ತಡವಾಗಿ ಹಾರಿದ ಗುಂಡಿಗೆ ಹುಸ್ನಾ ಹೊಣೆಯಲ್ಲ

ಮಾನ್ಯ ಶಿಬಿರಾಧಿಕಾರಿಗಳೇ,

ಪೆಟ್ಟು ಬಿದ್ದದ್ದು ನನ್ನ ಕಾಲಿಗೆ. ದೂರು ಮಾತ್ರ ನಿಮ್ಮದು. ನಾಗರಿಕ ಬಂದೂಕು ತರಬೇತಿ ಶಿಬಿರದ ಅವಘಡಕ್ಕೆ ‘ಶಿಬಿರಾರ್ಥಿ ಹುಸ್ನಾ ಅವರ ಅಶಿಸ್ತೇ ಕಾರಣ’ ಎಂದು ವರದಿ ಬರೆದಿದ್ದೀರಿ. ಆಕೆಯನ್ನು ಶಿಬಿರದಿಂದ ಹೊರಹಾಕಿದ್ದೀರಿ, ಈಗ ಕೇಸು ಹಾಕಿಸಲು ಹೊರಟಿದ್ದೀರಿ. ಗಾಯಗೊಂಡವಳನ್ನು ಒಂದು ಮಾತು ಕೇಳೋಣವೆಂದು ನಿಮಗೆ ಅನ್ನಿಸಲೇ ಇಲ್ಲವೇ?

ಮೊದಲ ದಿನ ಬೆಳಿಗ್ಗೆ ಸುರಕ್ಷತೆಯ ಪಾಠ ನಡೆಯಬೇಕಿತ್ತು. ಉದ್ಘಾಟನೆಯ ಅತಿಥಿಗಳು ತಡವಾಗಿ ಬಂದರು. ಆಮೇಲೆ ಶಾಲು, ಹಾರ, ಪೇಟ, ಫೋಟೊ. ಬಂದೂಕಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ನಿಮ್ಮ ಕಾರ್ಯದಕ್ಷತೆಯ ಬಗ್ಗೆ ಮಾತ್ರ ದಂಡಿಯಾಗಿ ಮಾತಾಡಿದರು. ಉಪ್ಪಿಟ್ಟು ತಿಂದು ಎದ್ದೆವು, ಪಾಠ ಆಮೇಲೆ ಎಂದಿರಿ. ಆ ‘ಆಮೇಲೆ’ ಬರಲೇ ಇಲ್ಲ. ಮರುದಿನ ನಮ್ಮ ಕೈಗೆ ಬಂದೂಕು ಬಂತು.

ಹುಸ್ನಾ ನನ್ನ ಪಕ್ಕದಲ್ಲೇ ಮಲಗಿ ಗುರಿ ಹಿಡಿದಿದ್ದಳು. ಶಹಾಬಾದದ ಹುಡುಗಿ, ಕಾರ್ಖಾನೆಯೊಂದರಲ್ಲಿ ಕಾವಲು ಕೆಲಸಕ್ಕೆ ಈ ಪ್ರಮಾಣಪತ್ರ ಬೇಕೆಂದು ಬಂದವಳು. ಬಂದೂಕಿನ ಕುದುರೆ ಎಳೆದಳು, ‘ಟಕ್’ ಎಂದಿತು, ಗುಂಡು ಹಾರಲಿಲ್ಲ. ಹಿಂದಿನಿಂದ ನೀವು ಗದರಿದಿರಿ: “ಏ ಅಮ್ಮಾ, ಯಾಕ ಸುಮ್ಮ ಬಿದ್ದೀ? ಏನಾತು, ಹೇಳು!”

ನಮ್ಮ ಕಡೆ ದೊಡ್ಡವರಿಗೆ ಬೆನ್ನು ತೋರಿಸಿ ಉತ್ತರ ಕೊಡುವುದಿಲ್ಲ. ಮನೆಯಲ್ಲಿ ಹಾಗೆ ಬೆಳೆಸಿದ್ದಾರೆ. ಹುಸ್ನಾ ಗಡಬಡಿಸಿ ಎದ್ದಳು, ಕೈಯಲ್ಲಿದ್ದ ಬಂದೂಕಿನ ಸಮೇತ ನಿಮ್ಮತ್ತ ತಿರುಗಿದಳು. “ಗುಂಡು ಹಾರವಲ್ದ್ರಿ ಸಾಹೇಬ್ರ” ಎನ್ನುವಷ್ಟರಲ್ಲಿ ಅದು ಹಾರಿತು. ನೆಲದ ಫರಸಿ ಕಲ್ಲು ಒಡೆದು ಅದರ ಚೂರು ನನ್ನ ಮೀನಖಂಡ ಸೀಳಿತು. ಬಂದೂಕಿನ ನಳಿಗೆ ಗೇಣು ಮೇಲಿದ್ದಿದ್ದರೆ ಈ ಪತ್ರ ಬರೆಯಲು ನಾನಿರುತ್ತಿರಲಿಲ್ಲ, ಓದಲು ಬಹುಶಃ ನೀವೂ. ಗೌರವ ಕೊಟ್ಟದ್ದನ್ನೇ ಅಶಿಸ್ತು ಎಂದು ಬರೆಯಲು ನಿಮ್ಮ ಕೈ ಹೇಗೆ ಬಂತು?

ಆಸ್ಪತ್ರೆಗೆ ಹೋಗುವಾಗ ಜೀಪಿನಲ್ಲಿ ನನ್ನ ಕಾಲು ಒತ್ತಿ ಹಿಡಿದಿದ್ದ ತರಬೇತುದಾರ ಮಾಣಿಕಪ್ಪನವರು ಹೇಳಿದರು: “ಗುಂಡು ಹಾರಲಿಲ್ಲಂದ್ರ ನಳಿಗಿ ಗುರಿ ಕಡೀಗೇ ಇಡಬೇಕ್ರಿ. ಏಳಬಾರದು, ತಿರುಗಬಾರದು, ಬಿಚ್ಚಿ ನೋಡಬಾರದು. ಖಾಲಿ ಕೈ ಎತ್ತಿ ಅರ್ಧ ನಿಮಿಷರೆ ಕಾಯಬೇಕು. ಒಮ್ಮೊಮ್ಮೆ ತಡಾ ಮಾಡಿ ಹಾರ್ತದ. ಇದ ಮೊದಲನೇ ಪಾಠ ನೋಡ್ರಿ.”

ಶಿಬಿರದ ಮೊದಲನೇ ಪಾಠವನ್ನು ನಾನು ರಕ್ತ ಸುರಿಸುತ್ತ ಜೀಪಿನಲ್ಲಿ ಕಲಿತೆ. ನಿಮ್ಮ ವ್ಯವಸ್ಥೆಗೆ ಧನ್ಯವಾದ.

ಹುಸ್ನಾ ದಿನಾ ನಮ್ಮೂರು ಭಂಕೂರಿಗೆ ಬಂದು ನನ್ನ ಮಂಚದ ಪಕ್ಕ ಕುಳಿತು ಅಳುತ್ತಾಳೆ. “ಅಕ್ಕಾ, ನಾ ತಿರುಗಬಾರದಿತ್ತೇನ್ರಿ?” ಎನ್ನುತ್ತಾಳೆ. “ತಿರುಗಬ್ಯಾಡ ಅಂತ ನಿನಗ ಯಾರು ಹೇಳಿದ್ರವ್ವಾ?” ಎಂದು ನಾನು ಕೇಳುತ್ತೇನೆ. ಅದಕ್ಕೆ ನಿಮ್ಮ ಬಳಿ ಉತ್ತರ ಇದೆಯೇ? ಆ ಮಗುವಿನ ಮುಖ ನೋಡಿದಾಗಲೆಲ್ಲ ನನಗೆ ನಿಮ್ಮ ಮೇಲೆ ಮೈ ಉರಿಯುತ್ತದೆ.

ಸೋಮವಾರ ಸೇಡಂ, ಚಿಂಚೋಳಿ ಕಡೆಯ ಹೊಸ ತಂಡ ಬರಲಿದೆಯಂತೆ. ಅವರಿಗೆ ಹಾರದ ಗುಂಡಿನ ಪಾಠ ಹೇಳಿ, ಖಾಲಿ ಬಂದೂಕಿನಲ್ಲಿ ಮಾಡಿಸಿ ನೋಡದೆ ಒಂದು ಗುಂಡನ್ನೂ ಕೊಡಕೂಡದು. ಹುಸ್ನಾಳ ಮೇಲಿನ ಆರೋಪ ಹಿಂತೆಗೆದುಕೊಳ್ಳಿ, ತರಬೇತಿ ಪೂರ್ಣಗೊಳಿಸಿ ಪ್ರಮಾಣಪತ್ರ ಕೊಡಿ. ಇಲ್ಲವಾದರೆ ಕೇಸು ಧಾರಾಳವಾಗಿ ಹಾಕಿಸಿ. ಗಾಯಕ್ಕೆ ಕಾರಣ ಯಾರೆಂದು ಪೊಲೀಸರು ನನ್ನನ್ನು ಕೇಳಲೇಬೇಕಲ್ಲ. ಆಗ ನಾನು ನಿಮ್ಮ ಹೆಸರು ಹೇಳುತ್ತೇನೆ.

ಇಂತಿ,
ಇನ್ನೂ ಕುಂಟುತ್ತಿರುವ, ಯಾರೂ ಹೇಳಿಕೆ ಕೇಳದ ಗಾಯಾಳು
ಸುನಿತಾ, ಭಂಕೂರ